ಯುರೋಪಿನ ಪ್ರಾಂತೀಯ ಸಹಕಾರ ಮತ್ತು ಸಣ್ಣ ಉದ್ದಿಮೆಗಳು

ಸಣ್ಣ ಉದ್ದಿಮೆಗಳಿಗೆ ನೆರವು ಎಂದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುದು ಸಾಲ, ಸಹಾಯಧನ ಹಾಗೂ ತೆರಿಗೆ ವಿನಾಯಿತಿ. ಯುರೋಪಿನ ಅನೇಕ ಪ್ರಾಂತಗಳು ಇವುಗಳ ಜೊತೆಗೆ ಮತ್ತೊಂದು ಮಾರ್ಗವನ್ನೂ ರೂಢಿಸಿಕೊಂಡಿವೆ. ಒಂದು ಪ್ರಾಂತದಲ್ಲಿರುವ ಪ್ರಯೋಗಾಲಯ, ತಜ್ಞರು, ಮಾರುಕಟ್ಟೆ ಮತ್ತು ಆಡಳಿತಾನುಭವಗಳು ಮತ್ತೊಂದು ಪ್ರಾಂತದ ಸಣ್ಣ ಕಾರ್ಖಾನೆಗೂ ದೊರೆಯುವಂತೆ ಮಾಡುವುದೇ ಆ ಮಾರ್ಗ. ಇದರಲ್ಲಿ ಪ್ರತಿ ಉದ್ದಿಮೆಯ ಪಾಲಿಗೆ ಬರುವ ಮೊತ್ತ ಅನೇಕ ವೇಳೆ ಅಲ್ಪವೇ. ಆದರೆ ಆ ಅಲ್ಪ ಮೊತ್ತ ತೆರೆಯುವ ಬಾಗಿಲು ದೊಡ್ಡದು. ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ವರ್ತಕರೂ ಸಣ್ಣ ತಯಾರಕರೂ ಅರಿಯುವುದು ಉಪಯುಕ್ತ.

ಸಣ್ಣ ಉದ್ದಿಮೆ ಯಾವುದು?

ಐರೋಪ್ಯ ಒಕ್ಕೂಟದ ಉದ್ದಿಮೆಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ವರ್ಗಕ್ಕೆ ಸೇರಿವೆ. 2003ರಲ್ಲಿ ನಿರೂಪಿತವಾಗಿ 2005ರ ಜನವರಿ 1ರಿಂದ ಜಾರಿಗೆ ಬಂದ ವ್ಯಾಖ್ಯೆಯ ಪ್ರಕಾರ ಈ ವರ್ಗೀಕರಣ ಹೀಗಿದೆ:

1. ಸೂಕ್ಷ್ಮ ಉದ್ದಿಮೆ: 10ಕ್ಕಿಂತ ಕಡಿಮೆ ನೌಕರರು, ವಾರ್ಷಿಕ ವಹಿವಾಟು ಅಥವಾ ಬ್ಯಾಲೆನ್ಸ್ ಶೀಟ್ ಮೊತ್ತ 20 ಲಕ್ಷ ಯೂರೋ ಮೀರಬಾರದು.
2. ಸಣ್ಣ ಉದ್ದಿಮೆ: 50ಕ್ಕಿಂತ ಕಡಿಮೆ ನೌಕರರು, ವಹಿವಾಟು ಅಥವಾ ಬ್ಯಾಲೆನ್ಸ್ ಶೀಟ್ ಮೊತ್ತ 1 ಕೋಟಿ ಯೂರೋ ಮೀರಬಾರದು.
3. ಮಧ್ಯಮ ಉದ್ದಿಮೆ: 250ಕ್ಕಿಂತ ಕಡಿಮೆ ನೌಕರರು, ವಹಿವಾಟು 5 ಕೋಟಿ ಯೂರೋ ಅಥವಾ ಬ್ಯಾಲೆನ್ಸ್ ಶೀಟ್ ಮೊತ್ತ 4.3 ಕೋಟಿ ಯೂರೋ ಮೀರಬಾರದು.

ಭಾರತದ ವರ್ಗೀಕರಣವು ಹೂಡಿಕೆ ಮತ್ತು ವಹಿವಾಟನ್ನು ಆಧರಿಸಿದ್ದು, ನೌಕರರ ಸಂಖ್ಯೆಯನ್ನು ಪರಿಗಣಿಸುವುದಿಲ್ಲ. ಯುರೋಪಿನಲ್ಲಿ ಅದೇ ಮೊದಲ ಅಳತೆಗೋಲು. ಮತ್ತೊಂದು ಅಂಶವೂ ಗಮನಾರ್ಹ. ಒಂದು ಸಣ್ಣ ಕಂಪನಿಯಲ್ಲಿ ಮತ್ತೊಂದು ಕಂಪನಿ ಶೇಕಡಾ 25 ಅಥವಾ ಹೆಚ್ಚಿನ ಪಾಲು ಹೊಂದಿದ್ದರೆ, ಆ ಕಂಪನಿಯ ಅಂಕಿಗಳನ್ನು ಪಾಲಿಗೆ ಅನುಗುಣವಾಗಿ ಸೇರಿಸಬೇಕು. ಬಹುಮತದ ಹಿಡಿತವಿದ್ದರೆ ಪೂರ್ಣವಾಗಿ ಸೇರಿಸಬೇಕು. ಹೀಗಾಗಿ ದೊಡ್ಡ ಸಮೂಹವೊಂದು ಸಣ್ಣ ಕಂಪನಿಯ ವೇಷ ಧರಿಸಿ ನೆರವು ಪಡೆಯುವುದು ಸುಲಭಸಾಧ್ಯವಲ್ಲ.

ಪ್ರಾಂತಗಳ ನಡುವಣ ಸಹಕಾರ

ಹಿಂದುಳಿದ ಪ್ರಾಂತಗಳ ಏಳಿಗೆಗಾಗಿ ಐರೋಪ್ಯ ಪ್ರಾಂತೀಯ ಅಭಿವೃದ್ಧಿ ನಿಧಿ 1975ರಲ್ಲಿ ಸ್ಥಾಪನೆಯಾಯಿತು. ಈ ನಿಧಿಯ ನೆರವಿನಿಂದ 1990ರಲ್ಲಿ ‘ಇಂಟರ್‌ರೆಗ್’ ಎಂಬ ಕಾರ್ಯಕ್ರಮ ಆರಂಭಗೊಂಡಿತು. ಇದರಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ: ಗಡಿಯ ಎರಡೂ ಬದಿಯ ನೆರೆಹೊರೆ ಪ್ರಾಂತಗಳ ಸಹಕಾರ, ಹಲವು ದೇಶಗಳನ್ನೊಳಗೊಂಡ ವಿಶಾಲ ಪ್ರದೇಶದ ಸಹಕಾರ ಹಾಗೂ ಪರಸ್ಪರ ದೂರವಿರುವ ಪ್ರಾಂತಗಳ ನಡುವೆ ಅನುಭವ ವಿನಿಮಯ. 2021-2027ರ ಅವಧಿಗೆ ಇಂಟರ್‌ರೆಗ್‌ಗೆ ನಿಗದಿಯಾದ ಮೊತ್ತ ಸುಮಾರು 800 ಕೋಟಿ ಯೂರೋ.

ಇವುಗಳಲ್ಲಿ ಮೂರನೆಯ ವಿಧಕ್ಕೆ ಸೇರಿದ ‘ಇಂಟರ್‌ರೆಗ್ ಯುರೋಪ್’ನ ಕಾರ್ಯದರ್ಶಿ ಕಚೇರಿ ಫ್ರಾನ್ಸ್‌ನ ಲೀಲ್ ನಗರದಲ್ಲಿದೆ. ಇದೇ ಅವಧಿಗೆ ಅದರ ಪಾಲು 37.9 ಕೋಟಿ ಯೂರೋ. ಈ ಹಣ ನೇರವಾಗಿ ಉದ್ದಿಮೆದಾರರ ಕೈಸೇರುವುದಿಲ್ಲ. ಪ್ರಾಂತೀಯ ಸರ್ಕಾರಗಳು, ಅಭಿವೃದ್ಧಿ ಸಂಸ್ಥೆಗಳು ಮೊದಲಾದ ಸಾರ್ವಜನಿಕ ಮಂಡಲಿಗಳು ಒಂದರ ಯೋಜನೆಯನ್ನು ಮತ್ತೊಂದು ಅಧ್ಯಯನ ಮಾಡಿ, ತಮ್ಮ ನೀತಿಯನ್ನು ತಿದ್ದಿಕೊಳ್ಳಲು ಅದು ವಿನಿಯೋಗವಾಗುತ್ತದೆ. ಬೇರೆಡೆ ಪರೀಕ್ಷೆಗೊಳಗಾಗಿ ಗೆದ್ದ ಯೋಜನೆಯನ್ನು ಅರಿತು ಅಳವಡಿಸಿಕೊಂಡರೆ, ಪ್ರತಿ ಪ್ರಾಂತವೂ ಅದೇ ತಪ್ಪನ್ನು ಹೊಸದಾಗಿ ಮಾಡಿ ಕಲಿಯುವ ವೆಚ್ಚ ಉಳಿಯುತ್ತದೆ ಎಂಬುದು ಇದರ ಹಿಂದಿನ ತರ್ಕ.

ನಾವೀನ್ಯತಾ ವೋಚರ್

ಹೀಗೆ ದೇಶದಿಂದ ದೇಶಕ್ಕೆ ಹಬ್ಬಿದ ಯೋಜನೆಗಳಲ್ಲಿ ‘ನಾವೀನ್ಯತಾ ವೋಚರ್’ ಮುಖ್ಯವಾದುದು. ಇಪ್ಪತ್ತು ಜನ ದುಡಿಯುವ ಕಾರ್ಖಾನೆಗೆ ಲೋಹದ ಬಿಡಿಭಾಗವೊಂದು ಪದೇ ಪದೇ ಬಿರುಕು ಬಿಡುವುದೇಕೆಂದು ತಿಳಿಯಬೇಕಾಗಿದೆ ಎನ್ನೋಣ. ಅದಕ್ಕಾಗಿ ವಿಜ್ಞಾನಿಯೊಬ್ಬರನ್ನು ನೇಮಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಉತ್ತರ ಬಲ್ಲ ವಿಶ್ವವಿದ್ಯಾಲಯ ಸಮೀಪದಲ್ಲೇ ಇದ್ದರೂ ಅಲ್ಲಿ ಯಾರನ್ನು ಕೇಳಬೇಕೆಂಬುದು ಮಾಲೀಕನಿಗೆ ತಿಳಿಯದು. ಇಷ್ಟು ಚಿಕ್ಕ ಕೆಲಸದಲ್ಲಿ ವಿಶ್ವವಿದ್ಯಾಲಯಕ್ಕೂ ಆಸಕ್ತಿ ಇರದು. ಈ ಕಂದಕಕ್ಕೆ ಸೇತುವೆಯಾಗುವುದೇ ವೋಚರ್‌ನ ಉದ್ದೇಶ. ಇದು ಲೆಕ್ಕಪುಸ್ತಕದ ಪಾವತಿ ವೋಚರ್ ಅಲ್ಲ. ಸೇವೆ ಪಡೆಯುವ ಹಕ್ಕುಪತ್ರ. ಉದ್ದಿಮೆಯು ತನ್ನ ಪ್ರಶ್ನೆಯೊಡನೆ ಇದನ್ನು ಸಂಶೋಧನಾ ಸಂಸ್ಥೆಗೆ ಒಪ್ಪಿಸುತ್ತದೆ. ಕೆಲಸ ಮುಗಿದ ಬಳಿಕ ಸಂಸ್ಥೆಯು ಅದನ್ನು ಸರ್ಕಾರಕ್ಕೆ ಸಲ್ಲಿಸಿ ಹಣ ಪಡೆಯುತ್ತದೆ. ನಗದು ಉದ್ದಿಮೆಯ ಕೈಗೆ ಬಾರದ ಕಾರಣ ಅನ್ಯ ಬಳಕೆಗೆ ಅವಕಾಶ ಕಡಿಮೆ.

ನೆದರ್ಲೆಂಡ್ಸ್ ದೇಶವು 2004ರಲ್ಲಿ ಪ್ರಾಯೋಗಿಕವಾಗಿ ತಲಾ 7,500 ಯೂರೋವರೆಗಿನ 100 ವೋಚರ್‌ಗಳನ್ನು ನೀಡಿತು. ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದುದರಿಂದ ಲಾಟರಿ ಎತ್ತಲಾಯಿತು. ಲಾಟರಿಯಿಂದಾಗಿ ವೋಚರ್ ಪಡೆದವರನ್ನೂ ಪಡೆಯದವರನ್ನೂ ಪಕ್ಷಪಾತವಿಲ್ಲದೆ ಹೋಲಿಸುವುದು ಸಾಧ್ಯವಾಯಿತು. ಆ ದೇಶದ ಆರ್ಥಿಕ ನೀತಿ ವಿಶ್ಲೇಷಣಾ ಸಂಸ್ಥೆಯ ಅಧ್ಯಯನದ ಪ್ರಕಾರ, ಪ್ರತಿ ಹತ್ತು ವೋಚರ್‌ಗಳಲ್ಲಿ ಎಂಟು, ಅದಿಲ್ಲದಿದ್ದರೆ ನಡೆಯುತ್ತಲೇ ಇರದಿದ್ದ ಕೆಲಸಕ್ಕೆ ಬಳಕೆಯಾದವು. ಒಂದು, ಹೇಗಿದ್ದರೂ ನಡೆಯುತ್ತಿದ್ದ ಕೆಲಸಕ್ಕೆ ಹೋಯಿತು. ಮತ್ತೊಂದು ಬಳಕೆಯಾಗದೆ ಉಳಿಯಿತು. ಆದರೆ ಇಲ್ಲಿ ಅಳೆದದ್ದು ಸಂಶೋಧನಾ ಸಂಸ್ಥೆಗೆ ಕೆಲಸ ವಹಿಸಲಾಯಿತೇ ಎಂಬುದನ್ನು ಮಾತ್ರ. ಅದರಿಂದ ಉದ್ದಿಮೆಗೆ ಬಂದ ಲಾಭವನ್ನಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಲಾಗದು.

ಆಸ್ಟ್ರಿಯ ಮತ್ತು ಐರ್ಲೆಂಡ್ 2007ರಲ್ಲಿ ತಲಾ 5,000 ಯೂರೋ ಮೌಲ್ಯದ ವೋಚರ್‌ಗಳನ್ನು ಆರಂಭಿಸಿದವು. ಜರ್ಮನಿಯ ಬಾಡೆನ್-ವುರ್ಟೆಂಬೆರ್ಗ್ ರಾಜ್ಯ 2008ರಲ್ಲಿ ಇದೇ ಹಾದಿ ಹಿಡಿಯಿತು.

ಐರ್ಲೆಂಡ್ ದ್ವೀಪದ ನಿದರ್ಶನ

ಸಹಕಾರದ ನಿಜವಾದ ಪರೀಕ್ಷೆ ನಡೆದದ್ದು ಐರ್ಲೆಂಡ್ ದ್ವೀಪದಲ್ಲಿ. ದಕ್ಷಿಣದ್ದು ಸ್ವತಂತ್ರ ಗಣರಾಜ್ಯ; ಉತ್ತರ ಭಾಗ ಬ್ರಿಟನ್ನಿಗೆ ಸೇರಿದ್ದು. ದಶಕಗಳ ಹಿಂಸಾಚಾರದ ಬಳಿಕ 1998ರಲ್ಲಿ ಬೆಲ್‌ಫಾಸ್ಟ್ ಒಪ್ಪಂದವಾಯಿತು. ಅದರ ಫಲವಾಗಿ 1999ರ ಡಿಸೆಂಬರಿನಲ್ಲಿ ರೂಪುಗೊಂಡ ಗಡಿಯಾಚೆಗಿನ ಸಂಸ್ಥೆಗಳಲ್ಲಿ ‘ಇಂಟರ್‌ಟ್ರೇಡ್ ಐರ್ಲೆಂಡ್’ ಒಂದು. ಗಡಿಗೆ ಸಮೀಪದ ನ್ಯೂರಿ ಪಟ್ಟಣದಲ್ಲಿ ಅದರ ಕಚೇರಿಯಿದೆ.

ಈ ಸಂಸ್ಥೆಯ ‘ಫ್ಯೂಷನ್’ ಯೋಜನೆಯಲ್ಲಿ ಮೂವರು ಪಾಲುದಾರರಿದ್ದರು: ಸಣ್ಣ ಕಂಪನಿ, ಗಡಿಯ ಮತ್ತೊಂದು ಬದಿಯ ಉನ್ನತ ಶಿಕ್ಷಣ ಸಂಸ್ಥೆ ಹಾಗೂ ಹೊಸದಾಗಿ ಪದವಿ ಪಡೆದ ಯುವಕ ಅಥವಾ ಯುವತಿ. ಆ ಪದವೀಧರರು 12ರಿಂದ 18 ತಿಂಗಳು ಕಂಪನಿಯಲ್ಲೇ ದುಡಿದು, ಶಿಕ್ಷಣ ಸಂಸ್ಥೆಯ ಮಾರ್ಗದರ್ಶನದಲ್ಲಿ ಹೊಸ ಉತ್ಪನ್ನ ಅಥವಾ ವಿಧಾನವನ್ನು ಜಾರಿಗೆ ತರುತ್ತಿದ್ದರು. ಈ ಯೋಜನೆ ಇಂದು ‘ಇನ್ನೋವೇಷನ್ ಬೂಸ್ಟ್’ ಎಂಬ ಹೆಸರಿನಲ್ಲಿ ಮುಂದುವರಿದಿದೆ. ವರದಿ ಬರೆದು ಕೊಟ್ಟು ಹೋಗುವ ಸಲಹೆಗಾರರಿಗಿಂತ, ಕಾರ್ಖಾನೆಯೊಳಗೇ ನಿಂತು ಕೆಲಸ ಮಾಡುವವರಿಂದ ಜ್ಞಾನ ಹೆಚ್ಚು ಉಳಿಯುತ್ತದೆ ಎಂಬ ನಂಬಿಕೆ ಇದರ ಮೂಲದಲ್ಲಿದೆ. ವೋಚರ್ ವ್ಯವಸ್ಥೆಯಲ್ಲಿಯೂ ಗಡಿಯ ಎರಡೂ ಬದಿಯ ಸಂಶೋಧನಾ ಸಂಸ್ಥೆಗಳನ್ನು ಒಂದೇ ಪಟ್ಟಿಗೆ ಸೇರಿಸಿದ್ದರಿಂದ ಉದ್ದಿಮೆಗಳಿಗೆ ಆಯ್ಕೆ ವಿಸ್ತರಿಸಿತು.

2020ರ ಜನವರಿ 31ರಂದು ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದರೂ ಈ ಸಹಕಾರ ಕಡಿದುಹೋಗಲಿಲ್ಲ. ಉತ್ತರ ಐರ್ಲೆಂಡ್ ಹಾಗೂ ಗಣರಾಜ್ಯದ ಗಡಿ ಜಿಲ್ಲೆಗಳಿಗಾಗಿ 100 ಕೋಟಿ ಯೂರೋ ಮೀರಿದ ‘ಪೀಸ್‌ಪ್ಲಸ್’ ಕಾರ್ಯಕ್ರಮ 2021-2027ರ ಅವಧಿಗೆ ರೂಪುಗೊಂಡಿದ್ದು, ಸಣ್ಣ ಉದ್ದಿಮೆಗಳ ಅಭಿವೃದ್ಧಿಯೂ ಅದರ ಅಂಗವಾಗಿದೆ. ರಾಜಕೀಯ ಸಂಬಂಧ ಬದಲಾದಾಗಲೂ ದಿನನಿತ್ಯದ ವ್ಯಾಪಾರದ ಅಗತ್ಯ ಬದಲಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ವಾಣಿಜ್ಯ ಮಂಡಲಿಗಳ ಪಾತ್ರ

2008ರಲ್ಲಿ ಸ್ಥಾಪಿತವಾದ ‘ಎಂಟರ್‌ಪ್ರೈಸ್ ಯುರೋಪ್ ನೆಟ್‌ವರ್ಕ್’ ಹೊಸ ಕಚೇರಿಗಳನ್ನು ಕಟ್ಟಲಿಲ್ಲ. ಆಯಾ ಊರಿನಲ್ಲಿ ಮೊದಲೇ ನೆಲೆಯೂರಿದ್ದ ವಾಣಿಜ್ಯ ಮಂಡಲಿಗಳು, ಅಭಿವೃದ್ಧಿ ಸಂಸ್ಥೆಗಳು ಮತ್ತು ತಾಂತ್ರಿಕ ಸಂಸ್ಥೆಗಳನ್ನೇ ಅದು ಒಂದು ಜಾಲವಾಗಿ ಹೆಣೆಯಿತು. ತನಗೆ ಬೇಕಾದ ತಂತ್ರಜ್ಞಾನ ಅಥವಾ ತಾನು ಒದಗಿಸಬಲ್ಲ ಉತ್ಪನ್ನದ ವಿವರವನ್ನು ಉದ್ದಿಮೆಯು ಸ್ಥಳೀಯ ಸದಸ್ಯ ಸಂಸ್ಥೆಗೆ ನೀಡಿದರೆ, ಆ ವಿವರ ಇತರ ದೇಶಗಳ ಸದಸ್ಯ ಸಂಸ್ಥೆಗಳಿಗೂ ತಲುಪಿ ಪಾಲುದಾರರ ಶೋಧ ನಡೆಯುತ್ತದೆ. ವರ್ತಕನಿಗೆ ಪರಿಚಿತವಾದ ಬಾಗಿಲಿನಿಂದಲೇ ಹೊರದೇಶದ ದಾರಿ ತೆರೆಯುವುದು ಇದರ ವೈಶಿಷ್ಟ್ಯ.

ನೆರವಿಗೂ ಮಿತಿ ಇದೆ

ಸರ್ಕಾರದ ಹಣ ಸ್ಪರ್ಧೆಯನ್ನು ಕೆಡಿಸಬಾರದೆಂಬುದು ಐರೋಪ್ಯ ಕಾನೂನಿನ ಕಟ್ಟುನಿಟ್ಟು. ಆದರೆ ಅಲ್ಪ ಪ್ರಮಾಣದ ನೆರವಿಗೆ ಪೂರ್ವಾನುಮತಿ ಬೇಕಿಲ್ಲ. ಒಂದು ಸದಸ್ಯ ದೇಶದಿಂದ ಒಂದು ಉದ್ದಿಮೆ ಮೂರು ವರ್ಷಗಳಲ್ಲಿ ಹೀಗೆ ಪಡೆಯಬಹುದಾದ ಗರಿಷ್ಠ ಮೊತ್ತ 2007ರಿಂದ 2 ಲಕ್ಷ ಯೂರೋ ಇದ್ದು, 2024ರ ಜನವರಿ 1ರಿಂದ 3 ಲಕ್ಷ ಯೂರೋಗೆ ಏರಿದೆ. ಪರಸ್ಪರ ಹಿಡಿತವುಳ್ಳ ಕಂಪನಿಗಳನ್ನು ಇಲ್ಲಿಯೂ ಒಂದೇ ಉದ್ದಿಮೆಯೆಂದು ಎಣಿಸಲಾಗುತ್ತದೆ.

ಇಂಟರ್‌ರೆಗ್ ಯೋಜನೆಗಳ ಮುಖ್ಯ ತೊಡಕು ನಗದು ಹರಿವಿನದು. ಸಾಮಾನ್ಯವಾಗಿ ಪಾಲುದಾರ ಸಂಸ್ಥೆ ಮೊದಲು ತಾನೇ ವೆಚ್ಚ ಮಾಡಿ, ದಾಖಲೆ ಸಲ್ಲಿಸಿ, ತಪಾಸಣೆ ಮುಗಿದ ಬಳಿಕ ಹಣ ಹಿಂಪಡೆಯಬೇಕು. ವೆಚ್ಚದ ಒಂದು ಭಾಗವನ್ನು ತಾನೇ ಭರಿಸಬೇಕು. ದುಡಿಯುವ ಬಂಡವಾಳ ಕಡಿಮೆಯಿರುವವರಿಗೆ ಈ ಕಾಯುವಿಕೆ ಭಾರವಾಗುತ್ತದೆ. ಪ್ರತಿ ರಸೀದಿಯನ್ನೂ ಪರಿಶೀಲಿಸುವ ಹೊರೆ ತಗ್ಗಿಸಲು ಕೆಲವು ವೆಚ್ಚಗಳಿಗೆ ನಿಗದಿತ ದರದಲ್ಲಿ ಪಾವತಿಸುವ ಪದ್ಧತಿ ಬಂದಿದೆ.

ಗ್ರಹಿಸಬೇಕಾದ ಅಂಶಗಳು

1. ನೆರವಿನ ಗಾತ್ರಕ್ಕಿಂತ ಅದರ ಸರಳತೆ ಮುಖ್ಯ. ಕೆಲವು ಸಾವಿರ ಯೂರೋಗಳ ವೋಚರ್ ಯಶಸ್ವಿಯಾದುದು ಅರ್ಜಿ ಹಗುರವಾಗಿದ್ದುದರಿಂದ.
2. ನೆರವು ಸೇವೆಯ ರೂಪದಲ್ಲಿದ್ದರೆ ದುರ್ಬಳಕೆಯ ಸಾಧ್ಯತೆ ತಗ್ಗುತ್ತದೆ, ಲೆಕ್ಕ ತಪಾಸಣೆಯೂ ಸುಲಭವಾಗುತ್ತದೆ.
3. ಉದ್ದಿಮೆದಾರನು ಸ್ಪಷ್ಟವಾದ ಒಂದು ಪ್ರಶ್ನೆಯೊಡನೆ ಪ್ರಯೋಗಾಲಯಕ್ಕೆ ಹೋಗಬೇಕು. ‘ಹೊಸತೇನಾದರೂ ಮಾಡಿಕೊಡಿ’ ಎಂಬ ಕೋರಿಕೆಗೆ ಉತ್ತರವಿರುವುದಿಲ್ಲ.
4. ಯೋಜನೆಯ ಪರಿಣಾಮವನ್ನು ಅಳೆಯುವ ವಿಧಾನವನ್ನು ಹಣ ಹಂಚುವ ಮುನ್ನವೇ ನಿರ್ಧರಿಸಬೇಕು.
5. ಹಣ ತಡವಾಗಿ ಬರುವ ಯೋಜನೆಗೆ ಸೇರುವ ಮುನ್ನ, ಅಲ್ಲಿಯವರೆಗಿನ ಖರ್ಚಿಗೆ ಬಂಡವಾಳ ಎಲ್ಲಿಂದ ಎಂಬ ಲೆಕ್ಕ ಸಿದ್ಧವಿರಬೇಕು.

ಬಿರುಕು ಬಿಟ್ಟ ಬಿಡಿಭಾಗವನ್ನು ಯಾರಿಗೆ ತೋರಿಸಬೇಕೆಂಬ ಪ್ರಶ್ನೆ ಯಾವ ದೇಶದ ಕಾರ್ಖಾನೆಯಲ್ಲಾದರೂ ಏಳುವಂತಹುದೇ. ಅದಕ್ಕೆ ಉತ್ತರ ತಿಳಿದ ತಜ್ಞ ಯಾವ ಪ್ರಾಂತದಲ್ಲಿದ್ದರೂ ಸಣ್ಣ ತಯಾರಕನಿಗೆ ಎಟುಕುವಂತೆ ಮಾಡುವುದರಲ್ಲಿಯೇ ಯುರೋಪಿನ ಈ ಪ್ರಯೋಗದ ಸಾರವಿದೆ.