ಪುಕ್ಕಟೆ ವೈಫೈ ಮತ್ತು ಗಾಜಿನ ಬೂತು

ಭೋರ್, ಪುಣೆ ಜಿಲ್ಲೆ

ಚಿ. ಮೇಘಾ,

ಘಟ್ಟದ ಕಡೆ ಮಳೆ ಹಿಡಿದಿದೆ, ಭಾಟಘರ ಡ್ಯಾಮು ತುಂಬುತ್ತ ಬಂದಿದೆಯೆಂದು ಹಾಲಿನವನು ಹೇಳಿದ. ಮೊನ್ನೆ ನೀನು ಪುಣೆ ಸ್ಟೇಶನ್ನಿನಿಂದ ಫೋನು ಮಾಡಿ, "ಕಾಕಾ, ಇಲ್ಲಿ ವೈಫೈ ಪುಕ್ಕಟೆ, ಕಾಲೇಜಿನ ಫೀಸು ಇಲ್ಲಿಂದಲೇ ಕಟ್ಟಿಬಿಡ್ತೀನಿ" ಅಂದದ್ದು ಯಾಕೋ ತಲೆಯಲ್ಲೇ ಉಳಿಯಿತು.

ಎಸ್‌ಟಿಡಿ ಬೂತಿನ ಕಾಲವನ್ನು ನೀನು ಕಂಡವಳಲ್ಲ. ನಾನು ಧಾರವಾಡ ಬಿಟ್ಟು ಈ ಊರಿಗೆ ಬಂದ ಹೊಸದರಲ್ಲಿ, ನಿನ್ನ ಅಜ್ಜಿಯ ಜೊತೆ ಮಾತಾಡಬೇಕೆಂದರೆ ರಾತ್ರಿ 11ರ ತನಕ ಕಾಯಬೇಕಿತ್ತು. ಆಮೇಲೆ ಕಾಲು ದರ. ರಾಜವಾಡೆ ದಾಟಿ ಬಂದು ಸಾಲಿನಲ್ಲಿ ನಿಂತರೆ ಮುಂದಿನವರ ಮನೆಯ ಮದುವೆ, ಸಾಲ, ಜಗಳ ಎಲ್ಲ ಕಿವಿಗೆ ಬೀಳುತ್ತಿತ್ತು. ಮುಂದೆ ಬೂತಿಗೆ ಗಾಜಿನ ಬಾಗಿಲು ಬಂತು. ಮಾತು ಹೊರಗೆ ಕೇಳುವುದು ನಿಂತಿತು. ಆದರೂ ಯಾವ ನಂಬರಿಗೆ, ಎಷ್ಟು ಹೊತ್ತು ಎಂಬ ಚೀಟಿ ಮಾಲೀಕನ ಯಂತ್ರದಿಂದ ಬರುತ್ತಲೇ ಇತ್ತು.

ವೈಫೈಯೂ ಇದೇ ದಾರಿಯಲ್ಲಿ ಬಂದಿದೆ. 2010ರಲ್ಲಿ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ ಬಂದಾಗ, ಬೀಗವಿಲ್ಲದ ಒಂದೇ ವೈಫೈಯಲ್ಲಿ ಕೂತವರು ಪಕ್ಕದವರ ಫೇಸ್‌ಬುಕ್ಕಿನೊಳಗೆ ಸಲೀಸಾಗಿ ನುಗ್ಗಬಹುದಿತ್ತು. ಆಮೇಲೆ ತಾಣಗಳು ಒಂದೊಂದಾಗಿ ಎಚ್‌ಟಿಟಿಪಿಎಸ್‌ಗೆ ಬಂದು ಬಾಗಿಲು ಹಾಕಿಕೊಂಡವು. ಪಾಸ್‌ವರ್ಡು ಗಾಳಿಯಲ್ಲೇ ಕಳುವಾಗುತ್ತದೆಂಬ ಹೆದರಿಕೆ ಈಗ ಅಷ್ಟು ಬೇಡ. ನೀನು ಯಾವ ತಾಣಕ್ಕೆ ಹೋದೆ ಎಂಬ ಚೀಟಿ ಮಾತ್ರ ವೈಫೈ ಕೊಟ್ಟವನ ಕೈಗೆ ಬಹುಮಟ್ಟಿಗೆ ಈಗಲೂ ಸಿಗುತ್ತದೆ. ವಿಪಿಎನ್ ಹಾಕಿಕೊಂಡರೆ ಅದೇ ಚೀಟಿ ವಿಪಿಎನ್‌ನವನ ಕೈಗೆ. (ಪುಕ್ಕಟೆ ವಿಪಿಎನ್ ನಡೆಸುವವನ ಹೊಟ್ಟೆಪಾಡು ಹೇಗೋ, ನೀನೇ ಯೋಚಿಸು.)

ನನಗೆ ಕಳವಳ ಬೂತಿನ ಬೋರ್ಡಿನದು, ಅಂದರೆ ವೈಫೈಯ ಹೆಸರಿನದು. ವೈಫೈಗೆ ಹೆಸರಿಡಲು ಯಾರ ಅಪ್ಪಣೆಯೂ ಬೇಕಿಲ್ಲ. ಸ್ವಾರಗೇಟ್ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಾನೇ ನನ್ನ ಹಾಟ್‌ಸ್ಪಾಟಿಗೆ ರೈಲ್ವೆಯ ಹೆಸರಿಟ್ಟರೆ ನಿನ್ನ ಫೋನಿನಲ್ಲಿ ಅದೇ ಹೆಸರು ಕಾಣುತ್ತದೆ. 2024ರಲ್ಲಿ ಆಸ್ಟ್ರೇಲಿಯಾದ ಪೊಲೀಸರು ಒಬ್ಬಾತನ ಮೇಲೆ ಮೊಕದ್ದಮೆ ಹೂಡಿದರು. ವಿಮಾನ ನಿಲ್ದಾಣಗಳಲ್ಲಿ, ಹಾರುವ ವಿಮಾನದಲ್ಲಿ ಕೂಡ ನಕಲಿ ವೈಫೈ ಹಬ್ಬಿಸಿ, ಸೇರಿಕೊಂಡವರಿಂದ ಇಮೇಲಿನ ಲಾಗಿನ್ ಬರೆಸಿಕೊಂಡನೆಂಬುದು ಆರೋಪವಾಗಿತ್ತು. ಯಾವ ಬೀಗವನ್ನೂ ಒಡೆಯಬೇಕಾಗಿರಲಿಲ್ಲ ನೋಡು. ಜನ ತಾವೇ ಬರೆದುಕೊಟ್ಟಿದ್ದರು.

ನಮ್ಮ ಸ್ಟೇಶನ್ನುಗಳ ರೈಲ್‌ವೈರ್ ಮೊಬೈಲ್ ನಂಬರು ಕೇಳಿ ಓಟಿಪಿ ಕಳಿಸುತ್ತದೆ, ಅದು ಪದ್ಧತಿ. ಆದರೆ ವೈಫೈಗೆ ಸೇರಿಸಿಕೊಳ್ಳುವ ಪುಟ ನಿನ್ನ ಇಮೇಲಿನ ಪಾಸ್‌ವರ್ಡು ಕೇಳಿತೋ, ಒಂದಕ್ಷರವನ್ನೂ ಒತ್ತದೆ ವೈಫೈ ಆಫ್ ಮಾಡಿಬಿಡು ಮಗಳೇ. ಎಷ್ಟೇ ಅವಸರವಿರಲಿ. ಇದೊಂದನ್ನು ನಡೆಸಿಕೊಟ್ಟರೆ ಸಾಕು, ಉಳಿದದ್ದರಲ್ಲಿ ನೀನು ನನಗಿಂತ ಜಾಣೆ.

ಡೇಟಾ ಮುಗಿದಿತ್ತೆಂದು ವೈಫೈ ಹುಡುಕಿದೆಯೇನು? ಸಂಕೋಚ ಮಾಡದೆ ಹೇಳು, ಇವತ್ತೇ ರೀಚಾರ್ಜ್ ಮಾಡಿಸುತ್ತೇನೆ. ಫೀಸು ಅದರಲ್ಲೇ ಕಟ್ಟು. ಶನಿವಾರ ಬರುವವಳಿದ್ದರೆ ಕಾಪೂರಹೋಳದಲ್ಲಿ ಇಳಿಯಬೇಡ, ಸ್ವಾರಗೇಟಿನಿಂದ ನೇರ ಭೋರ್ ಬಸ್ಸನ್ನೇ ಹಿಡಿ. ಕತ್ತಲಾದ ಮೇಲೆ ನೀನು ಹೈವೇ ಬದಿಯಲ್ಲಿ ಕಾಯುವುದು ನಿನ್ನ ಕಾಕುಗೆ ಸರಿಬರುವುದಿಲ್ಲ, ನನಗೂ.

ಇಂತಿ,
ನಿನ್ನ ಕಾಕಾ