ಒಂಟಿ ಸುರುಳಿಯ ನಾದ: ವಿದ್ಯುತ್ ಗಿಟಾರಿಗೆ ಪಿಕ್‌ಅಪ್ ಆರಿಸುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಗಿಟಾರ್ ನುಡಿಸುವ ತರುಣರು ಕೆಲವರಿದ್ದಾರೆ. ಹಗಲೆಲ್ಲ ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು, ರಾತ್ರಿ ಕೋಣೆಯಲ್ಲಿ ಒಂದು ಗಂಟೆ ತಂತಿ ಮೀಟಿ ಮನಸ್ಸು ಹಗುರ ಮಾಡಿಕೊಳ್ಳುವವರು. ಅವರಲ್ಲೊಬ್ಬರು ಮೊನ್ನೆ ಹೀಗೆ ಕೇಳಿದರು: “ನನ್ನದು ಸೆಕೆಂಡ್‌ಹ್ಯಾಂಡ್ ಗಿಟಾರು. ಅದರ ದನಿ ದಪ್ಪ. ಸ್ಟ್ರಾಟೊಕಾಸ್ಟರಿನಲ್ಲಿ ಕೇಳುವಂಥ, ಗಂಟೆ ಮಿಡಿದ ಹಾಗಿರುವ ತಿಳಿಯಾದ ದನಿ ಬೇಕು. ಯಾವ ಪಿಕ್‌ಅಪ್ ಕೊಳ್ಳಲಿ?”

ಪ್ರಶ್ನೆ ಚಿಕ್ಕದು. ಆದರೆ ಉತ್ತರ ತಪ್ಪಿದರೆ ತಿಂಗಳುಗಟ್ಟಲೆ ಕೂಡಿಟ್ಟ ಹಣ ಹೋಗುತ್ತದೆ. ಆ ನಷ್ಟವನ್ನು ಈ ಲೇಖಕನೂ ಒಮ್ಮೆ ಅನುಭವಿಸಿದ್ದಾನೆ. ಆದುದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ವಿಷಯವನ್ನು ಬುಡದಿಂದ ತಿಳಿದುಕೊಳ್ಳೋಣ.

ಪಿಕ್‌ಅಪ್ ಎಂದರೇನು?

ವಿದ್ಯುತ್ ಗಿಟಾರಿನ ತಂತಿಗಳ ಕೆಳಗೆ ಚಪ್ಪಟೆಯಾಗಿ ಕೂತಿರುವ ಪೆಟ್ಟಿಗೆಯೇ ಪಿಕ್‌ಅಪ್. ಅದರೊಳಗೆ ಇರುವುದು ಎರಡೇ ವಸ್ತು: ಅಯಸ್ಕಾಂತ, ಮತ್ತು ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ, ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ. ಅಯಸ್ಕಾಂತದ ಬಲದಿಂದ ಮೇಲಿನ ಉಕ್ಕಿನ ತಂತಿಯೂ ಒಂದು ಪುಟ್ಟ ಅಯಸ್ಕಾಂತವಾಗುತ್ತದೆ. ಅದನ್ನು ಮೀಟಿದಾಗ ಸುರುಳಿಯೊಳಗಿನ ಕಾಂತಬಲ ಹೆಚ್ಚು ಕಡಿಮೆಯಾಗುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ಹೀಗೆ ಹುಟ್ಟಿದ ಅತಿ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರು ದೊಡ್ಡದು ಮಾಡುತ್ತದೆ. ನೈಲಾನ್ ತಂತಿ ಹಾಕಿದರೆ ಈ ಪಿಕ್‌ಅಪ್ ಮೂಕವಾಗುವುದೂ ಇದೇ ಕಾರಣದಿಂದ.

ಅಮೆರಿಕದಲ್ಲಿ ಜಾರ್ಜ್ ಬೋಶಾಂಪ್ ಎಂಬವರು ರೂಪಿಸಿದ ಇಂಥ ಪಿಕ್‌ಅಪ್ಪಿನ ಗಿಟಾರಿಗೆ 1937ರಲ್ಲಿ ಪೇಟೆಂಟ್ ದೊರೆಯಿತು. ಕ್ಯಾಲಿಫೋರ್ನಿಯದ ಲಿಯೊ ಫೆಂಡರರ ಕಾರ್ಖಾನೆಯಿಂದ 1954ರಲ್ಲಿ ಹೊರಬಂದ ಸ್ಟ್ರಾಟೊಕಾಸ್ಟರಿನಲ್ಲಿ ಮೂರು ಪಿಕ್‌ಅಪ್‌ಗಳಿದ್ದವು. ಪ್ರತಿಯೊಂದರಲ್ಲೂ ಒಂದೇ ಸುರುಳಿ. ಇಂದು ಜನ ‘ಒಂಟಿ ಸುರುಳಿಯ ನಾದ’ ಎಂದಾಗ ಹೆಚ್ಚಾಗಿ ಅವರ ಕಿವಿಯಲ್ಲಿರುವುದು ಈ ಗಿಟಾರು.

ಜೋಡಿ ಸುರುಳಿ ಬಂದದ್ದೇಕೆ?

ಒಂಟಿ ಸುರುಳಿಗೆ ಒಂದು ದೋಷವುಂಟು. ತಂತಿಯ ಕಂಪನವನ್ನು ಹಿಡಿಯುವ ಸುರುಳಿಯೇ ಸುತ್ತಲಿನ ವಿದ್ಯುತ್ ಉಪಕರಣಗಳಿಂದ ಹೊಮ್ಮುವ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ನಮ್ಮ ದೇಶದ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದೇ ಗುಂಯ್ ಎಂದು ಸ್ಪೀಕರಿನಲ್ಲಿ ಕೇಳುತ್ತದೆ. ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ರೆಗ್ಯುಲೇಟರು, ಮೊಬೈಲಿನ ಚಾರ್ಜರು ಎಲ್ಲವೂ ಒಂದೇ ಕೋಣೆಯಲ್ಲಿರುವ ನಮ್ಮಂಥವರಿಗೆ ಇದರ ಕಾಟ ಹೆಚ್ಚು.

ಇದಕ್ಕೆ ಗಿಬ್ಸನ್ ಕಂಪನಿಯ ಸೇತ್ ಲವರ್ ಒಂದು ಉಪಾಯ ಹೂಡಿದರು. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1959ರಲ್ಲಿ ಅದು ಮಂಜೂರಾಯಿತು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವುಗಳ ಜೋಡಣೆಯನ್ನು ಒಂದಕ್ಕೊಂದು ವಿರುದ್ಧವಾಗಿ ಮಾಡುವುದು. ಒಂದರ ಮೇಲ್ಮೈ ಉತ್ತರ ಧ್ರುವವಾದರೆ ಇನ್ನೊಂದರದು ದಕ್ಷಿಣ. ಹೊರಗಿನಿಂದ ಬಂದ ಗುಂಯ್ ಸದ್ದಿಗೆ ಧ್ರುವದ ಪರಿವೆಯಿಲ್ಲ. ಅದು ಒಂದರಲ್ಲಿ ಕೂಡುವ ಗುರುತಿನಲ್ಲಿ, ಇನ್ನೊಂದರಲ್ಲಿ ಕಳೆಯುವ ಗುರುತಿನಲ್ಲಿ ಹುಟ್ಟಿ ಪರಸ್ಪರ ವಜಾ ಆಗುತ್ತದೆ. ತಂತಿಯ ನಾದಕ್ಕಾದರೋ ಸುರುಳಿಯೂ ತಿರುಗುಮುರುಗು, ಧ್ರುವವೂ ತಿರುಗುಮುರುಗು. ಎರಡು ಬಾರಿ ತಿರುಗಿದ್ದರಿಂದ ಅದು ಕೂಡಿಯೇ ಬರುತ್ತದೆ. ಇದಕ್ಕೇ ಹಂಬಕರ್ ಎಂದು ಹೆಸರು.

ದನಿ ತಿಳಿಯಾಗುವುದು ಹೇಗೆ?

ಹಂಬಕರ್ ಗುಂಯ್ ಸದ್ದನ್ನು ಕೊಂದಿತು, ನಿಜ. ಜೊತೆಗೆ ದನಿಯ ಹೊಳಪನ್ನೂ ಸ್ವಲ್ಪ ತೆಗೆದುಕೊಂಡು ಹೋಯಿತು. ಕಾರಣ ಎರಡು.

ಮೊದಲನೆಯದು, ಅದು ತಂತಿಯನ್ನು ಎರಡು ಕಡೆ ಆಲಿಸುತ್ತದೆ. ತಂತಿಯ ಮೇಲಿನ ಅತಿ ಸಣ್ಣ ಅಲೆಗಳಲ್ಲಿ ಕೆಲವು ಒಂದು ಸುರುಳಿಯ ಮೇಲೆ ಏರುವಾಗ ಇನ್ನೊಂದರ ಮೇಲೆ ಇಳಿಯುತ್ತಿರುತ್ತವೆ. ಅವು ಒಂದನ್ನೊಂದು ಅಳಿಸುತ್ತವೆ. ಈ ಸಣ್ಣ ಅಲೆಗಳೇ ನಾದದ ಹೊಳಪು.

ಎರಡನೆಯದು ಇನ್ನೂ ಮುಖ್ಯ. ಸುರುಳಿಗೆ ಇಂಡಕ್ಟೆನ್ಸ್ ಎಂಬ ಗುಣವಿದೆ. ಅದನ್ನು ಹೆನ್ರಿ ಎಂಬ ಮಾನದಲ್ಲಿ ಅಳೆಯುತ್ತಾರೆ. ಗಿಟಾರಿನಿಂದ ಹೊರಡುವ ಕೇಬಲಿಗೆ ಕೆಪ್ಯಾಸಿಟೆನ್ಸ್ ಎಂಬ ಗುಣವಿದೆ. ಇವೆರಡೂ ಸೇರಿ ಒಂದು ನಿಶ್ಚಿತ ಎತ್ತರದ ಸ್ವರವನ್ನು ಮಾತ್ರ ವಿಶೇಷವಾಗಿ ಎತ್ತಿ ತೋರಿಸುತ್ತವೆ. ಅದರ ಮೇಲಿನವು ಬೇಗನೆ ಕುಗ್ಗುತ್ತವೆ. ಲೆಕ್ಕ ಹಾಕಿ ನೋಡೋಣ. ಹಳೆಯ ಮಾದರಿಯ ಸ್ಟ್ರಾಟೊಕಾಸ್ಟರ್ ಪಿಕ್‌ಅಪ್ಪಿನ ಇಂಡಕ್ಟೆನ್ಸನ್ನು 2.4 ಹೆನ್ರಿ ಎಂದಿಟ್ಟುಕೊಳ್ಳಿ, ಹಂಬಕರಿನದು 4.5. ಕೇಬಲು ಮೀಟರಿಗೆ 100 ಪಿಕೊಫ್ಯಾರಡಿನಂತೆ 5 ಮೀಟರಿಗೆ 500. ಪಿಕ್‌ಅಪ್ಪಿನ ಸ್ವಂತದ್ದು 100. ಒಟ್ಟು 600. ಆಗ ಮೊದಲನೆಯದರ ಶಿಖರ ಸೆಕೆಂಡಿಗೆ ಸುಮಾರು 4,200 ಆವರ್ತಕ್ಕೆ ಬರುತ್ತದೆ. ಎರಡನೆಯದರದು ಸುಮಾರು 3,000ಕ್ಕೆ. ಕಿವಿಗೆ ‘ತಿಳಿ’ ಎಂದೂ ‘ದಪ್ಪ’ ಎಂದೂ ತೋರುವ ಭೇದದ ದೊಡ್ಡ ಪಾಲು ಇಲ್ಲಿದೆ.

ಇನ್ನು ಅದೇ ಸ್ಟ್ರಾಟೊಕಾಸ್ಟರಿಗೆ 9 ಮೀಟರ್ ಕೇಬಲು ಸಿಕ್ಕಿಸಿರಿ. ಒಟ್ಟು 1,000 ಪಿಕೊಫ್ಯಾರಡ್ ಆಗಿ ಶಿಖರ ಸುಮಾರು 3,200ಕ್ಕೆ ಇಳಿಯುತ್ತದೆ. ಅಂದರೆ ಬೆಲೆಯುಳ್ಳ ಪಿಕ್‌ಅಪ್ ಕೊಂಡು, ಉದ್ದ ಕೇಬಲು ಹಾಕಿದವನು ಕೊಟ್ಟ ಹಣದ ಅರ್ಧವನ್ನು ಕೇಬಲಿನಲ್ಲೇ ಕಳೆದುಕೊಂಡಂತೆ!

ನಾನು ಮಾಡಿದ ತಪ್ಪು

ಹಲವು ವರ್ಷಗಳ ಹಿಂದೆ ನಾನೂ ಒಂದು ಪಿಕ್‌ಅಪ್ ಕೊಂಡೆ. ಅಂಗಡಿಯವರು ಎರಡನ್ನು ಮುಂದಿಟ್ಟರು. ಒಂದರ ರಟ್ಟಿನ ಮೇಲೆ 6 ಕಿಲೊಓಮ್ ಎಂದಿತ್ತು, ಇನ್ನೊಂದರ ಮೇಲೆ 14. ಸಂಖ್ಯೆ ದೊಡ್ಡದಾದರೆ ಸರಕು ಒಳ್ಳೆಯದೆಂದು ನಂಬಿ, ಊರಿಗೆ ಹೋಗಲೆಂದು ಇಟ್ಟಿದ್ದ ಹಣದಿಂದ ಎರಡನೆಯದನ್ನೇ ತಂದೆ. ಕೂರಿಸಿ ಮೀಟಿದರೆ ಸದ್ದು ಜೋರಾಯಿತು. ಆದರೆ ಮೊದಲಿಗಿಂತ ದಪ್ಪವಾಯಿತು. ಬಿಚ್ಚಿ ಬೆಸುಗೆ ಹಾಕಿದ ವಸ್ತುವನ್ನು ಯಾರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ? ಆ ವರ್ಷ ದೀಪಾವಳಿಗೆ ಊರಿಗೆ ಹೋಗಲಿಲ್ಲ. ದೋಷ ಅಂಗಡಿಯವರದಲ್ಲ, ನನ್ನ ಅಜ್ಞಾನದ್ದು.

ಓಮ್ ಎಂಬುದು ತಾಮ್ರದ ತಂತಿಯ ಪ್ರತಿರೋಧ, ಅಷ್ಟೇ. ಸುತ್ತು ಹೆಚ್ಚಿದರೆ ಅದು ಹೆಚ್ಚುತ್ತದೆ; ಸುತ್ತಿನ ಜೊತೆಗೆ ಇಂಡಕ್ಟೆನ್ಸೂ ಹೆಚ್ಚಿ ದನಿ ದಪ್ಪವಾಗುತ್ತದೆ. ಆದರೆ ಸುತ್ತು ಹೆಚ್ಚದೆ, ತಂತಿ ಸಣ್ಣದಾದರೂ ಓಮ್ ಏರುತ್ತದೆ. ಆದುದರಿಂದ ಈ ಒಂದು ಅಂಕಿಯನ್ನೇ ನಂಬಿ ಕೊಳ್ಳಬಾರದು. ಹಳೆಯ ಸ್ಟ್ರಾಟೊಕಾಸ್ಟರಿನ ಪಿಕ್‌ಅಪ್ಪಿನಲ್ಲಿ ಸುತ್ತುಗಳು ಸುಮಾರು 8,000. ಪ್ರತಿರೋಧ ಸುಮಾರು 6 ಕಿಲೊಓಮ್. ತಿಳಿಯಾದ ದನಿ ಬೇಕಾದವರು ಇದರ ಆಸುಪಾಸಿನಲ್ಲೇ ಇರತಕ್ಕದ್ದು.

ಕಾಸು ಖರ್ಚಿಲ್ಲದೆ ಮಾಡಬಹುದಾದದ್ದು

ಕೊಳ್ಳುವ ಮೊದಲು ಈ ಮೂರನ್ನು ಪರೀಕ್ಷಿಸಿರಿ. ಒಂದು, ಹಳೆಯ ತಂತಿ ಮಂಕಾಗಿದ್ದರೆ ಬದಲಿಸಿರಿ, ಮತ್ತು ಗಿಡ್ಡ ಕೇಬಲು ಬಳಸಿರಿ. ಎರಡು, ಬದಿಯ ಸ್ಕ್ರೂ ತಿರುಗಿಸಿ ಪಿಕ್‌ಅಪ್ಪನ್ನು ಸ್ವಲ್ಪ ಕೆಳಗಿಳಿಸಿರಿ. ತಂತಿಯನ್ನು ಕೊನೆಯ ಮೆಟ್ಟಿಲಲ್ಲಿ ಒತ್ತಿ ಹಿಡಿದಾಗ ಅದಕ್ಕೂ ಅಯಸ್ಕಾಂತಕ್ಕೂ 2ರಿಂದ 2.5 ಮಿಲಿಮೀಟರ್ ಅಂತರವಿರಲಿ. ತೀರ ಹತ್ತಿರವಾದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ನಡುಗುತ್ತದೆ. ಮೂರು, ಬ್ರಿಜ್, ಎಂದರೆ ನಮ್ಮ ವೀಣೆಯವರು ಕುದುರೆ ಎನ್ನುವ ಭಾಗ, ಅದರ ಕಡೆಯ ಪಿಕ್‌ಅಪ್ಪನ್ನು ಆರಿಸಿ ನುಡಿಸಿರಿ. ಅಲ್ಲಿ ದನಿ ಸಹಜವಾಗಿಯೇ ಚೂಪು. ಇಷ್ಟರಿಂದಲೇ ತೃಪ್ತಿಯಾದರೆ ಹಣ ಉಳಿಯಿತು.

ಕೊಳ್ಳಲೇಬೇಕಾದರೆ

1. ಗಿಟಾರಿನಲ್ಲಿ ಒಂಟಿ ಸುರುಳಿಗೆ ಕೊರೆದ ಜಾಗವೇ ಇದ್ದರೆ, ಅಯಸ್ಕಾಂತದ ಆರು ಕಡ್ಡಿಗಳೇ ಸುರುಳಿಯೊಳಗೆ ನಿಂತಿರುವ ಪಿಕ್‌ಅಪ್ಪನ್ನು ಆರಿಸಿರಿ. ಈ ಕಡ್ಡಿಗಳು ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಆಲ್ನಿಕೊ ಎಂಬ ಲೋಹದವು. ಅಗ್ಗದವುಗಳಲ್ಲಿ ಉಕ್ಕಿನ ಕಡ್ಡಿ ನಿಲ್ಲಿಸಿ ಕೆಳಗೆ ಸೆರಾಮಿಕ್ ಅಯಸ್ಕಾಂತ ಅಂಟಿಸಿರುತ್ತಾರೆ. ಉಕ್ಕು ಇಂಡಕ್ಟೆನ್ಸನ್ನು ಏರಿಸುವುದರಿಂದ ದನಿ ಬೇರೆಯಾಗುತ್ತದೆ.

2. ಹಂಬಕರಿನ ಜಾಗವಿದ್ದು, ಪಿಕ್‌ಅಪ್ಪಿನಿಂದ ಬಣ್ಣಬಣ್ಣದ ನಾಲ್ಕು ತಂತಿ ಹೊರಬಂದಿದ್ದರೆ ನೀವು ಅದೃಷ್ಟವಂತರು. ಒಂದು ಸಣ್ಣ ಸ್ವಿಚ್ಚಿನಿಂದ ಒಂದು ಸುರುಳಿಯನ್ನು ಕಡಿತಗೊಳಿಸಬಹುದು. ಆದರೆ ಹಂಬಕರಿನ ಒಂದೊಂದು ಸುರುಳಿಯಲ್ಲಿ ಸುತ್ತು ಸುಮಾರು 5,000 ಮಾತ್ರ. ಆದುದರಿಂದ ಸದ್ದು ಕುಗ್ಗುತ್ತದೆ, ಗುಂಯ್ ಮರಳುತ್ತದೆ. ಇದಕ್ಕಿಂತ ಎರಡೂ ಸುರುಳಿಗಳನ್ನು ಸರಣಿಯ ಬದಲು ಸಮಾಂತರವಾಗಿ ಜೋಡಿಸುವುದು ಲೇಸು. ಸದ್ದು ಕಡಿಮೆಯಾದರೂ ದನಿ ತಿಳಿಯಾಗುತ್ತದೆ, ಗುಂಯ್ ಬರುವುದಿಲ್ಲ. ಚಾಳಿನ ಕೋಣೆಯಲ್ಲಿ ನುಡಿಸುವವರಿಗೆ ನನ್ನ ಮೊದಲ ಸಲಹೆ ಇದೇ.

3. ಎರಡೇ ತಂತಿ ಇದ್ದರೆ, ಹಂಬಕರಿನ ಅಳತೆಯ ಪೆಟ್ಟಿಗೆಯಲ್ಲಿ ಬರುವ ಪಿ-90 ಮಾದರಿಯನ್ನು ಯೋಚಿಸಿರಿ. ಇದೂ ಒಂಟಿ ಸುರುಳಿಯೇ. ಗಿಬ್ಸನ್ ಕಂಪನಿ 1946ರಿಂದ ಬಳಸಿದ್ದು. ಆದರೆ ಸುತ್ತು ಹೆಚ್ಚು, ಕೆಳಗೆ ಪಟ್ಟಿ ಅಯಸ್ಕಾಂತ. ದನಿ ಸ್ಟ್ರಾಟೊಕಾಸ್ಟರಿನಷ್ಟು ತೆಳುವಲ್ಲ, ತುಸು ಒರಟು.

4. ಒಂದರ ಮೇಲೊಂದು ಸುರುಳಿಯಿಟ್ಟ, ಸದ್ದಿಲ್ಲದ ಒಂಟಿ ಸುರುಳಿ ಮಾದರಿಗಳೂ ಉಂಟು. ಕೆಳಗಿನ ಸುರುಳಿಯ ಕೆಲಸ ಮುಖ್ಯವಾಗಿ ಗುಂಯ್ ಸದ್ದನ್ನು ವಜಾ ಮಾಡುವುದು. ಹೊಳಪು ಅಲ್ಪ ಕಡಿಮೆ, ನೆಮ್ಮದಿ ಹೆಚ್ಚು.

ಪಿಕ್‌ಅಪ್ ಜೊತೆಗೆ ದನಿಯ ಗುಬುಟು ತಿರುಗಿಸುವ ಪೊಟೆನ್ಶಿಯೊಮೀಟರನ್ನೂ ನೋಡಿಕೊಳ್ಳಿರಿ. ಒಂಟಿ ಸುರುಳಿಗೆ ವಾಡಿಕೆಯಲ್ಲಿ 250 ಕಿಲೊಓಮ್, ಹಂಬಕರಿಗೆ 500. ಹಂಬಕರ್ ತೆಗೆದು ಒಂಟಿ ಸುರುಳಿ ಹಾಕಿ 500ನ್ನೇ ಉಳಿಸಿದರೆ ದನಿ ಕಿವಿಗೆ ಚುಚ್ಚುವುದುಂಟು. ಇಂಥ ಬಿಡಿಭಾಗ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್‌ಗಳಂಥ ಕಡೆ ಸ್ವಲ್ಪ ಹಣಕ್ಕೇ ಸಿಗುತ್ತದೆ.

ಮೂರು ಒಂಟಿ ಸುರುಳಿಗಳನ್ನು ಒಟ್ಟಿಗೆ ಕೊಳ್ಳುವವರು, ನಡುವಿನದು ವಿರುದ್ಧ ಸುತ್ತು ಮತ್ತು ವಿರುದ್ಧ ಧ್ರುವದ್ದೇ ಎಂದು ಕೇಳಿ ತಿಳಿಯಿರಿ. ಹಾಗಿದ್ದರೆ ಐದು ಸ್ಥಾನದ ಸ್ವಿಚ್ಚಿನಲ್ಲಿ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಎರಡೆರಡು ಪಿಕ್‌ಅಪ್ ಸೇರಿ ಗುಂಯ್ ಅಡಗುತ್ತದೆ.

ಅಭ್ಯಾಸ

ಇಂದು ರಾತ್ರಿ ಗಿಟಾರನ್ನು ಆಂಪ್ಲಿಫೈಯರಿಗೆ ಸೇರಿಸಿ, ತಂತಿ ಮುಟ್ಟದೆ ಕೂತಲ್ಲೇ ನಿಧಾನವಾಗಿ ಸುತ್ತಲೂ ತಿರುಗಿರಿ. ಗುಂಯ್ ಸದ್ದು ಒಂದು ದಿಕ್ಕಿನಲ್ಲಿ ಏರುತ್ತದೆ, ಇನ್ನೊಂದರಲ್ಲಿ ತಗ್ಗುತ್ತದೆಯೇ? ಹಾಗಾದರೆ ನಿಮ್ಮದು ಒಂಟಿ ಸುರುಳಿ ಇರುವ ಸಂಭವ ಹೆಚ್ಚು. ಸದ್ದು ತಗ್ಗಿದ ದಿಕ್ಕಿಗೇ ಮುಖ ಮಾಡಿ ನುಡಿಸಿರಿ. ಆಮೇಲೆ ಟ್ಯೂಬ್‌ಲೈಟ್ ಆರಿಸಿ ಇನ್ನೊಮ್ಮೆ ಆಲಿಸಿರಿ. ಮೇಲೆ ಹೇಳಿದ ಮೂರು ಪರೀಕ್ಷೆಗಳನ್ನು ಒಂದು ವಾರ ಮಾಡಿ ನೋಡಿ. ಆಮೇಲೂ ದನಿ ಸಾಲದೆನಿಸಿದರೆ ಪಿಕ್‌ಅಪ್ಪಿನ ಅಳತೆ, ತಂತಿಗಳ ಸಂಖ್ಯೆ, ಪೊಟೆನ್ಶಿಯೊಮೀಟರಿನ ಅಂಕಿ ಇವನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿರಿ. ಊರಿಗೆ ಹೋಗುವ ಹಣವನ್ನು ಮಾತ್ರ ಮುಟ್ಟಬೇಡಿರಿ.