ಯಾತ್ರೆಯ ಬಸ್ಸಿನಲ್ಲಿ ಮುಂದಿನ ಸೀಟು ಯಾರಿಗೆ?

ಉಪ್ಪಿನಂಗಡಿ, ನೆಲ್ಯಾಡಿ, ಕಡಬ, ಸುಳ್ಯದ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪುಣ್ಯಕ್ಷೇತ್ರ ಯಾತ್ರೆಯ ಬಗ್ಗೆಯೇ. ಆಶ್ಚರ್ಯವೇನಿಲ್ಲ. ಮಳೆ ಬಿಟ್ಟಿತೆಂದರೆ ಜನವರಿಯ ಅತ್ತೂರು ಜಾತ್ರೆಯವರೆಗೂ ನಮ್ಮ ಇಗರ್ಜಿಗಳ ಅಂಗಳದಿಂದ ಬಸ್ಸುಗಳು ಹೊರಡುತ್ತಲೇ ಇರುತ್ತವೆ. ಕೆಲವು ಪತ್ರಗಳನ್ನು ಆರಿಸಿ ಉತ್ತರಿಸಿದ್ದೇನೆ. ಹೆಸರು ಹಾಕಿ ಬರೆದವರ ಹೆಸರನ್ನೂ ತೆಗೆದಿದ್ದೇನೆ. ಊರು ಚಿಕ್ಕದು, ಬಸ್ಸು ಅದಕ್ಕಿಂತ ಚಿಕ್ಕದು.

ಪ್ರಶ್ನೆ: ಫಾದರ್, ನಮ್ಮ ವಾಳೆಯವರು (ಇಗರ್ಜಿಯ ವಾರ್ಡಿನವರು) ಸೇರಿ ಒಂದೇ ದಿನದಲ್ಲಿ ಅತ್ತೂರು, ಬಿಕರ್ನಕಟ್ಟೆ, ಮುಡಿಪು ಎಂದು ಐದು ಕಡೆ ಹೋಗಿ ಬಂದೆವು. ಹೊರಡುವಾಗ ಒಂದು ಜಪಸರ ಆಯಿತು. ಆಮೇಲೆ ಮೈಕ್ ಮಕ್ಕಳ ಕೈಗೆ ಹೋಯಿತು. ಅಂತ್ಯಾಕ್ಷರಿ, ಬೈಲಾ, ಗದ್ದಲ. ಮುಂದಿನ ಸೀಟಿಗಾಗಿ ಇಬ್ಬರು ಹೆಂಗಸರು ಜಗಳವಾಡಿ ಮಾತು ಬಿಟ್ಟರು. ಒಂದು ಕಡೆಯೂ ಕಣ್ಣು ಮುಚ್ಚಿ ಕೂರಲು ಆಗಲಿಲ್ಲ. ಇನ್ನು ಮುಂದೆ ನಾನೊಬ್ಬಳೇ ಸರಕಾರಿ ಬಸ್ಸಿನಲ್ಲಿ ಹೋಗಿ ಬರುವುದೇ ಒಳ್ಳೆಯದಲ್ಲವೇ?
— ಗೃಹಿಣಿ, ಉಪ್ಪಿನಂಗಡಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ. ಒಂದು ಸಮಯದ್ದು, ಇನ್ನೊಂದು ಜನರದ್ದು. ಮೊದಲನೆಯದನ್ನು ಪೂರ್ತಿ ಒಪ್ಪುತ್ತೇನೆ. ಒಂದು ದಿನದಲ್ಲಿ ಐದು ಪುಣ್ಯಕ್ಷೇತ್ರ ಎಂದರೆ ಅದು ಯಾತ್ರೆಯಲ್ಲ, ಹಾಜರಿ ಹಾಕುವುದು. ಬಸ್ಸಿನ ಬಾಡಿಗೆ ಕೊಟ್ಟಾಗಿದೆ, ಇನ್ನೊಂದು ಕಡೆಯೂ ನೋಡಿಬಿಡುವ ಎಂಬ ಲೆಕ್ಕಾಚಾರದಿಂದ ಹೀಗಾಗುತ್ತದೆ. ಮುಂದಿನ ಸಲ ವಾಳೆಯ ಮುಖಂಡರಾದ ಗುರ್ಕಾರರ ಹತ್ತಿರ ಹೇಳಿ: ಒಂದು ದಿನಕ್ಕೆ ಒಂದೇ ಸ್ಥಳ, ಹೆಚ್ಚೆಂದರೆ ಎರಡು. ಬಲಿಪೂಜೆಗೆ ಮುಂಚೆ ಅರ್ಧ ಗಂಟೆ ಯಾರೂ ಯಾರನ್ನೂ ಮಾತಾಡಿಸದ ಹೊತ್ತು ಇರಲಿ. ಪಾಪನಿವೇದನೆಗೆ ಗುರುಗಳು ಸಿಗುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಲಿ. ಊಟಕ್ಕೆ ಹೋಟೆಲ್ ಹುಡುಕುತ್ತ ಹಾಳಾಗುವ ಒಂದೂವರೆ ಗಂಟೆಯನ್ನು ಮನೆಯ ಬುತ್ತಿ ಉಳಿಸುತ್ತದೆ.

ಎರಡನೆಯ ದೂರು ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಿಲ್ಲ. ಸುವಾರ್ತೆಯಲ್ಲೇ ಒಂದು ಗುಂಪು ಯಾತ್ರೆಯ ಕಥೆಯಿದೆ, ಲೂಕನ ಎರಡನೆಯ ಅಧ್ಯಾಯದಲ್ಲಿ. ಯೇಸುವಿಗೆ ಹನ್ನೆರಡು ವರ್ಷ. ನಜರೇತಿನವರು ನೆಂಟರಿಷ್ಟರ ಜೊತೆ ಗುಂಪಾಗಿ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಹೋಗಿದ್ದರು. ಹಿಂದೆ ಬರುವಾಗ ಒಂದು ದಿನದ ದಾರಿ ಸಾಗಿದ ಮೇಲೆ ಮರಿಯಳಿಗೂ ಜೋಸೆಫರಿಗೂ ಗೊತ್ತಾಯಿತು, ಮಗ ಗುಂಪಿನಲ್ಲಿ ಇಲ್ಲ ಎಂದು. ಯಾರ ಜೊತೆಗಾದರೂ ಇರುತ್ತಾನೆ ಎಂದುಕೊಂಡೇ ಇಡೀ ದಿನ ನಡೆದಿದ್ದರು. ಸಿಕ್ಕಿದ್ದು ಮೂರು ದಿನಗಳ ನಂತರ, ದೇವಾಲಯದಲ್ಲಿ. ನಮ್ಮ ಬಸ್ಸುಗಳ ಕಥೆಯೂ ಇದೇ ಅಲ್ಲವೇ? ಪ್ರಾರ್ಥನೆಯನ್ನು ಯಾರಾದರೂ ನೋಡಿಕೊಳ್ಳುತ್ತಾರೆ, ಯೇಸು ಹೇಗೂ ನಮ್ಮ ಜೊತೆಗೇ ಇದ್ದಾನೆ ಎಂದುಕೊಂಡು ಎಲ್ಲರೂ ಹೊರಡುತ್ತೇವೆ. ಆದರೆ ಕಳೆದುಕೊಂಡವರು ಮಾಡಿದ್ದೇನು ಗಮನಿಸಿ. ಇನ್ನು ಗುಂಪಿನ ಸಹವಾಸವೇ ಬೇಡ ಎನ್ನಲಿಲ್ಲ. ಮೊದಲು ಹುಡುಕಿದ್ದು ಆ ಗುಂಪಿನ ನೆಂಟರ, ಪರಿಚಯದವರ ನಡುವೆಯೇ.

ಹಾಡಿನ ಬಗ್ಗೆ ಬೇಸರ ಬೇಡ. ಕೀರ್ತನೆಗಳ ಗ್ರಂಥದಲ್ಲಿ 120ರಿಂದ 134ರವರೆಗಿನ ಹದಿನೈದನ್ನು ಯಾತ್ರಾಗೀತೆ ಎಂದೇ ಕರೆದಿದ್ದಾರೆ. ಬಹುಪಾಲು ಚಿಕ್ಕವು. ಒಂದೊಂದನ್ನು ಒಬ್ಬೊಬ್ಬರು ಓದಿದರೆ ಬಿ.ಸಿ. ರೋಡ್ ತಲುಪುವ ಮೊದಲೇ ಮುಗಿಯುತ್ತವೆ. ಆಮೇಲೆ ಬೈಲಾ ಹಾಡಲಿ, ಮಕ್ಕಳು ಮಕ್ಕಳೇ.

ಇನ್ನು ಮುಂದಿನ ಸೀಟು. ಅದು ವಯಸ್ಸಾದವರಿಗೆ ಮತ್ತು ವಾಂತಿ ಮಾಡುವವರಿಗೆ; ಇದಕ್ಕೆ ಧರ್ಮಶಾಸ್ತ್ರ ಬೇಡ, ಪ್ಲಾಸ್ಟಿಕ್ ಚೀಲ ಹಂಚಿದವರನ್ನು ಕೇಳಿದರೆ ಸಾಕು. ಆದರೆ ಮಾತು ಬಿಟ್ಟವರ ವಿಷಯ ದೊಡ್ಡದು. ಬಲಿಪೀಠಕ್ಕೆ ಕಾಣಿಕೆ ತರುವಾಗ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿ ಮಾಡಿಕೊಂಡು ಬಾ ಎಂದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುತ್ತಾರೆ. ಅತ್ತೂರಿನಲ್ಲಿ ಮೇಣದಬತ್ತಿ ಹಚ್ಚಿದ ಆ ಇಬ್ಬರೂ, ಅದನ್ನು ನೋಡುತ್ತ ನಿಂತಿದ್ದ ನೀವೂ, ಆ ಮಾತಿನ ಮುಂದೆ ಒಂದೇ ಸಾಲಿನಲ್ಲಿದ್ದೀರಿ. ನೀವು ಇಬ್ಬರಿಗೂ ಬೇಕಾದವರು ಎಂದು ಪತ್ರದಿಂದ ಗೊತ್ತಾಗುತ್ತದೆ. ಮಧ್ಯಸ್ಥಿಕೆ ವಹಿಸಿ. ಮೌನವಾಗಿ ಕೂರಲು ಒಬ್ಬರೇ ಹೋಗಬೇಕೆನಿಸಿದರೆ ಧಾರಾಳವಾಗಿ ಹೋಗಿ ಬನ್ನಿ. ಆದರೆ ವಾಳೆಯ ಬಸ್ಸನ್ನು ಬಿಡಬೇಡಿ. ಒಂಟಿ ಪಯಣದಲ್ಲಿ ನಮ್ಮನ್ನು ಕೆರಳಿಸುವವರೇ ಇರುವುದಿಲ್ಲ, ಹಾಗಾಗಿ ನಮ್ಮ ಸಿಟ್ಟು ಎಷ್ಟಿದೆ ಎಂಬುದು ನಮಗೇ ಗೊತ್ತಾಗುವುದಿಲ್ಲ.

ಪ್ರಶ್ನೆ: ಮಗನಿಗೆ ಸಣ್ಣದಿರುವಾಗ ಜ್ವರ ತಲೆಗೇರಿ ಕೈಬಿಟ್ಟು ಹೋಗುವ ಸ್ಥಿತಿ ಬಂದಿತ್ತು. ವೇಳಾಂಕಣಿಗೆ ಕರೆದುಕೊಂಡು ಬಂದು ಮುಡಿ ಕೊಡಿಸುತ್ತೇನೆ ಎಂದು ಹರಕೆ ಹೇಳಿಕೊಂಡೆ. ಈಗ ಅವನು ಗಲ್ಫಿನಲ್ಲಿದ್ದಾನೆ. ರಜೆಗೆ ಬಂದಾಗ ಕೇಳಿದರೆ "ನೀವು ಹೇಳಿಕೊಂಡದ್ದಕ್ಕೆ ನಾನು ಯಾಕಮ್ಮ ತಲೆ ಬೋಳಿಸಬೇಕು" ಎನ್ನುತ್ತಾನೆ. ನನಗೆ ಮೊಣಕಾಲು ನೋವು, ಅಷ್ಟು ದೂರ ಕೂರಲು ಆಗುವುದಿಲ್ಲ. ಹರಕೆ ತೀರಿಸದಿದ್ದರೆ ಮಗನಿಗೆ ಕೆಡುಕಾದೀತೇ?
— ತಾಯಿ, ಕಡಬ

ಉತ್ತರ: ಇಲ್ಲಮ್ಮ, ಆಗುವುದಿಲ್ಲ. ವೇಳಾಂಕಣಿ ಮಾತೆ ಸಾಲ ವಸೂಲಿಗೆ ಬರುವವಳಲ್ಲ. ಮೊದಲು ಆ ಭಯ ಬಿಡಿ.

ಹಾಗೆಂದು ಹರಕೆ ಹಗುರವಾದದ್ದೂ ಅಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 1191ರಿಂದ 1198ರವರೆಗಿನ ವಿಧಿಗಳು ಹರಕೆಯ ಬಗ್ಗೆಯೇ ಇವೆ. ತಿಳಿದು, ಸ್ವಂತ ಮನಸ್ಸಿನಿಂದ, ಸಾಧ್ಯವಿರುವ ಒಳ್ಳೆಯ ಕೆಲಸವೊಂದನ್ನು ಮಾಡುತ್ತೇನೆಂದು ದೇವರಿಗೆ ಕೊಟ್ಟ ಮಾತು ಹರಕೆ. ಅದು ಕಟ್ಟಿಹಾಕುವುದು ಮಾತು ಕೊಟ್ಟವರನ್ನು ಮಾತ್ರ. 1193ನೆಯ ವಿಧಿ ಅದನ್ನೇ ಹೇಳುತ್ತದೆ. ಹಾಗಾಗಿ ನಿಮ್ಮ ಮಗ ಹೇಳಿದ್ದು, ಧಾಟಿ ಸ್ವಲ್ಪ ಒರಟಾದರೂ, ಕಾನೂನಿನ ಪ್ರಕಾರ ಸರಿ. ಅವನ ಕೂದಲು ನಿಮ್ಮ ಹರಕೆಯ ವಸ್ತುವಲ್ಲ.

ನಿಮ್ಮ ಪಾಲಿನ ಯಾತ್ರೆ ಉಳಿಯಿತು. ನೀವೇ ಹೇಳಿಕೊಂಡ ಖಾಸಗಿ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಮೇಲಾದ ಒಳ್ಳೆಯ ಕೆಲಸಕ್ಕೆ ನೀವೇ ಬದಲಿಸಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಅದಕ್ಕಿಂತ ಚಿಕ್ಕದಕ್ಕೆ ಇಳಿಸುವುದಿದ್ದರೆ ನಿಮ್ಮ ಇಗರ್ಜಿಯ ವಿಗಾರರನ್ನು ಕೇಳಿ. ನ್ಯಾಯವಾದ ಕಾರಣವಿದ್ದರೆ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರವೂ ಅವರಿಗಿದೆ. ಮೊಣಕಾಲು ನ್ಯಾಯವಾದ ಕಾರಣವೇ. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯಲು ಕೈಯಲ್ಲಿ ಕಾಸಿಲ್ಲದ ತಾಯಂದಿರು ಕಡಬದಲ್ಲಿ ಈಗಲೂ ಇದ್ದಾರೆ. ಯಾತ್ರೆಯ ಖರ್ಚನ್ನು ಅವರಲ್ಲೊಬ್ಬರಿಗೆ ಕೊಟ್ಟರೆ ಅದು ಚಿಕ್ಕ ಬದಲಾವಣೆ ಎಂದು ಯಾವ ವಿಗಾರರೂ ಹೇಳಲಾರರು.

ಹೋಗಲೇಬೇಕೆಂದು ಮನಸ್ಸಿದ್ದರೆ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರ ಹಬ್ಬದ ನೂಕುನುಗ್ಗಲಿಗೆ ಹೋಗಬೇಡಿ. ಹರಕೆಯಲ್ಲಿ ನೀವು ತಾರೀಕು ಹೇಳಿಲ್ಲ. 8ನೇ ತಾರೀಕು ನಮ್ಮಲ್ಲಿ ಮೊಂತಿ ಹಬ್ಬ. ಮನೆಯವರೆಲ್ಲ ಒಟ್ಟಿಗೆ ಕೂತು ಹೊಸ ಅಕ್ಕಿಯ ಊಟ ಮಾಡುವ ಆ ಒಂದು ದಿನ ಮನೆ ಬಿಟ್ಟು ಹೊರಡುವುದು ನನಗಂತೂ ಸರಿ ಕಾಣುವುದಿಲ್ಲ. ಮಗನ ರಜೆ ಆಗ ಕೂಡಿಬಂದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾವು ಸಿರೋ ಮಲಬಾರ್‌ನವರು. ಉಪ್ಪಿನಂಗಡಿಯ ಲ್ಯಾಟಿನ್ ಸ್ನೇಹಿತರ ಗುಂಪಿನೊಂದಿಗೆ ಗೋವಾಕ್ಕೆ ಹೋಗುವುದಿದೆ. ಭಾನುವಾರ ಅಲ್ಲಿಯ ಪೂಜೆ ನಮಗೆ ಲೆಕ್ಕಕ್ಕೆ ಬರುತ್ತದೆಯೇ?
— ರಬ್ಬರ್ ಟ್ಯಾಪಿಂಗ್ ಕೆಲಸಗಾರ, ನೆಲ್ಯಾಡಿ

ಉತ್ತರ: ಬರುತ್ತದೆ. ಪರಮಪ್ರಸಾದವನ್ನೂ ಸ್ವೀಕರಿಸಿ, ಪಾಪನಿವೇದನೆಯನ್ನೂ ಮಾಡಿ. ಲ್ಯಾಟಿನ್, ಸಿರೋ ಮಲಬಾರ್, ಸಿರೋ ಮಲಂಕರ ಮೂರೂ ಒಂದೇ ಕಥೋಲಿಕ ಧರ್ಮಸಭೆ. ಬೆಳ್ತಂಗಡಿ ಧರ್ಮಪ್ರಾಂತ್ಯ 1999ರಲ್ಲಿ, ಪುತ್ತೂರಿನ ಮಲಂಕರ ಧರ್ಮಪ್ರಾಂತ್ಯ 2010ರಲ್ಲಿ ಆದ ಮೇಲೆ ನಮ್ಮ ಈ ಸಣ್ಣ ಪ್ರದೇಶದಲ್ಲಿ ಮೂವರು ಬಿಷಪರಿದ್ದಾರೆ, ಆದರೂ ಒಬ್ಬರ ಪೂಜೆಯ ಕ್ರಮ ಇನ್ನೊಬ್ಬರಿಗೆ ಗೊತ್ತಿಲ್ಲ. ದಾರಿಯಲ್ಲಿ ಒಂದು ಮಲಯಾಳಂ ಹಾಡು ಕಲಿಸಿ. ಭರಣಂಗಾನದ ಸಂತ ಅಲ್ಫೋನ್ಸಾರ ಸಮಾಧಿಗೆ ಮುಂದಿನ ವರ್ಷ ಅವರನ್ನು ನೀವು ಕರೆದುಕೊಂಡು ಹೋಗಿ.

ಪ್ರಶ್ನೆ: ನಾವು ಹಿಂದೂಗಳು. ಪಕ್ಕದ ಮನೆಯ ಬಾಯಮ್ಮ ಅತ್ತೂರಿಗೆ ನೀನೂ ಬಾ ಎಂದು ಕರೆಯುತ್ತಿದ್ದಾರೆ. ನಾನು ಹೋಗಬಹುದೇ? ಅಲ್ಲಿ ಏನು ಮಾಡಬೇಕು, ಏನು ಮಾಡಬಾರದು?
— ಓದುಗಿ, ಬಜತ್ತೂರು

ಉತ್ತರ: ಸಂತೋಷದಿಂದ ಹೋಗಿ. ಕಾರ್ಕಳದ ಅತ್ತೂರಿನಲ್ಲಿ ನಿಮ್ಮನ್ನು ಯಾರೂ ಹೊಸಬರಂತೆ ನೋಡುವುದಿಲ್ಲ. ಜನವರಿಯ ಜಾತ್ರೆಗೆ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. 2016ರಲ್ಲಿ ಅದಕ್ಕೆ ಬಸಿಲಿಕಾ ಎಂಬ ಗೌರವ ಸಿಕ್ಕಿತು, ಜನ ಅದಕ್ಕೂ ಬಹಳ ಮೊದಲೇ ಅದನ್ನು ತಮ್ಮದೆಂದು ಮಾಡಿಕೊಂಡಿದ್ದರು. ಮೇಣದಬತ್ತಿ ಹಚ್ಚಿ, ಸಂತ ಲಾರೆನ್ಸರ ಮುಂದೆ ಮನಸ್ಸಿನಲ್ಲಿದ್ದದ್ದು ಹೇಳಿಕೊಳ್ಳಿ, ಬಲಿಪೂಜೆಯ ಹೊತ್ತಿಗೆ ಕೂತು ನೋಡಿ. ಒಂದು ಮಾತ್ರ: ಪರಮಪ್ರಸಾದದ ಸಾಲಿಗೆ ಸೇರಬೇಡಿ. ಅದು ದೇವಸ್ಥಾನಗಳಲ್ಲಿ ಎಲ್ಲರಿಗೂ ಹಂಚುವ ಪ್ರಸಾದದಂತಲ್ಲ. ಅದು ಕ್ರಿಸ್ತನ ಶರೀರವೇ ಎಂದು ನಂಬಿ, ದೀಕ್ಷಾಸ್ನಾನ ಪಡೆದು, ಸಿದ್ಧತೆ ಮಾಡಿಕೊಂಡವರು ಸ್ವೀಕರಿಸುವುದು. ಸಿದ್ಧತೆಯಿಲ್ಲದಿದ್ದರೆ ನಮ್ಮವರೂ ಎದ್ದು ಹೋಗುವುದಿಲ್ಲ, ಹಾಗಾಗಿ ಬೆಂಚಿನಲ್ಲಿ ಕೂತು ಉಳಿಯುವುದರಲ್ಲಿ ಮುಜುಗರ ಬೇಡ. ಹಿಂದಿನಿಂದ ಯಾರಾದರೂ ಎಬ್ಬಿಸಿದರೆ ಕೈಸನ್ನೆ ಮಾಡಿ ದಾರಿ ಬಿಡಿ. ಉಪ್ಪಿನಂಗಡಿ ದೇವಸ್ಥಾನದ ಮಖೆ ಜಾತ್ರೆಗೆ ಬಾಯಮ್ಮನನ್ನು ನೀವು ಕರೆಯುತ್ತೀರಲ್ಲ, ಅವರು ಅಲ್ಲಿಯ ನದಿ ಸಂಗಮದ ಬದಿಯಲ್ಲಿ ನಿಂತು ನೋಡುವಂತೆಯೇ ಇದು.

ಪ್ರಶ್ನೆ: ಪವಿತ್ರ ನಾಡಿನ ಪ್ರವಾಸಕ್ಕೆ ಏಜೆನ್ಸಿಯವರು ಲಕ್ಷಗಟ್ಟಲೆ ಕೇಳುತ್ತಾರೆ. ಸೊಸೈಟಿಯಲ್ಲಿ ಅಡಿಕೆಯ ಮೇಲೆ ಸಾಲ ತೆಗೆದು ಹೋಗೋಣ ಎಂದಿದ್ದೇನೆ. ಹೆಂಡತಿ ಬೇಡ ಎನ್ನುತ್ತಾಳೆ. ಜೀವಮಾನದಲ್ಲಿ ಒಮ್ಮೆ ಜೆರುಸಲೇಮಿನ ಮಣ್ಣು ಮೆಟ್ಟಿದರೆ ಆತ್ಮಕ್ಕೆ ಬೇರೆಯೇ ಬಲ ಬರುವುದಿಲ್ಲವೇ?
— ಕೃಷಿಕ, ಸುಳ್ಯ

ಉತ್ತರ: ನಿಮ್ಮ ಹೆಂಡತಿ ಹೇಳಿದ್ದು ಸರಿ. ಕೈಯಲ್ಲಿ ಹಣವಿದ್ದರೆ ಹೋಗಿ, ಕಣ್ತುಂಬ ನೋಡಿ ಬನ್ನಿ. ಸಾಲ ಮಾಡಿ ಬೇಡ. ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗೊರಿ ಎಂಬ ಸಂತರು ಸ್ವತಃ ಜೆರುಸಲೇಮಿಗೆ ಹೋಗಿ ಬಂದವರು. ಜಾಗ ಬದಲಾಯಿಸಿದ ಮಾತ್ರಕ್ಕೆ ದೇವರು ಹತ್ತಿರವಾಗುವುದಿಲ್ಲ ಎಂಬ ಅರ್ಥದ ಪತ್ರ ಬರೆದಿದ್ದಾರೆ. 2024ರ ಡಿಸೆಂಬರ್ 24ರಿಂದ 2026ರ ಜನವರಿ 6ರವರೆಗಿನ ಜುಬಿಲಿ ವರ್ಷದಲ್ಲೂ ರೋಮಿಗೆ ಹೋಗಲಾಗದವರು ತಮ್ಮ ಧರ್ಮಪ್ರಾಂತ್ಯದ ಕಥೆದ್ರಾಲಿಗೋ ಬಿಷಪರು ಗೊತ್ತುಮಾಡಿದ ಇಗರ್ಜಿಗೋ ಭೇಟಿ ಕೊಟ್ಟರೆ ಅದೇ ವರದಾನ ಎಂದು ಧರ್ಮಸಭೆ ಹೇಳಿತು. ಕಿಲೋಮೀಟರಿನ ಮೇಲೆ ಪುಣ್ಯದ ದರ ಇಲ್ಲ.

ನಿಮಗೆ ಮುಡಿಪು ದೂರವಲ್ಲ. ಸಂತ ಜೋಸೆಫ್ ವಾಜ್ ಗೋವಾದಿಂದ ಕೆನರಾಕ್ಕೆ ಬಂದದ್ದು 1681ರಲ್ಲಿ. ಮೂರು ವರ್ಷ ಈ ಭಾಗದಲ್ಲಿ ಸೇವೆ ಮಾಡಿ, ಮುಂದೆ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಲೋನಿಗೆ ಕೂಲಿಯ ವೇಷದಲ್ಲಿ ನುಗ್ಗಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಮುಡಿಪಿನಲ್ಲಿ ಅವರು ಮೊಣಕಾಲೂರಿದ ಕಡೆ ನೀರು ಚಿಮ್ಮಿತು ಎಂದು ಜನ ನಂಬಿಕೊಂಡು ಬಂದಿದ್ದಾರೆ. ಒಂದು ಶನಿವಾರ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಬನ್ನಿ. ಸಾಲದ ಅರ್ಜಿ ಆಮೇಲೆ ನೋಡುವ.

ಪ್ರಶ್ನೆ: ಫಾದರ್, ಯುವಜನರ ಜೊತೆ ತಪಸ್ಸು ಕಾಲದಲ್ಲಿ ಪಾದಯಾತ್ರೆಗೆ ಹೋಗಿದ್ದೆ. ಶಿಲುಬೆಯ ಹಾದಿ ಮಾಡುವಾಗ ಅಳು ತಡೆಯಲು ಆಗಲಿಲ್ಲ. ಇನ್ನು ಬೇರೆಯೇ ಮನುಷ್ಯ ಆಗುತ್ತೇನೆ ಅಂದುಕೊಂಡೆ. ಹದಿನೈದು ದಿನದಲ್ಲಿ ಮೊದಲಿನ ಹಾಗೇ ಆದೆ. ಅದೆಲ್ಲ ಸುಳ್ಳಾ?
— ವಿದ್ಯಾರ್ಥಿ, ಉಪ್ಪಿನಂಗಡಿ

ಉತ್ತರ: ಸುಳ್ಳಲ್ಲ ಮಾರಾಯ. ಅಳು ಬಂದದ್ದು ನಿಜ, ದೇವರು ಕೊಟ್ಟದ್ದೂ ನಿಜ. ಆದರೆ ಅದನ್ನೇ ಬೆಳವಣಿಗೆ ಎಂದುಕೊಂಡೆಯಲ್ಲ, ಅಲ್ಲಿ ಎಡವಿದೆ. ಸುತ್ತ ನಲವತ್ತು ಜನ ಹಾಡುತ್ತ ನಡೆಯುವಾಗ ಮನಸ್ಸು ತಾನಾಗಿ ಮೇಲೇರುತ್ತದೆ. ಮನೆಗೆ ಬಂದ ಮೇಲೆ ಹಾಡುವವರಿಲ್ಲ, ನಡೆಯಬೇಕಾದವನು ನೀನೊಬ್ಬನೇ.

ಲೊಯೋಲಾದ ಸಂತ ಇಗ್ನಾಸಿಯವರ ಕಥೆ ಗೊತ್ತಿರಬಹುದು. ತಮ್ಮ ಜೀವನಕಥೆಯಲ್ಲಿ ಅವರು ತಮ್ಮನ್ನು ಹೆಸರಿನಿಂದ ಕರೆದುಕೊಳ್ಳದೆ ಯಾತ್ರಿಕ ಎಂದೇ ಕರೆದುಕೊಂಡಿದ್ದಾರೆ. 1523ರಲ್ಲಿ ಜೆರುಸಲೇಮಿಗೆ ಹೋದರು, ಸಾಯುವವರೆಗೆ ಅಲ್ಲೇ ಇರುತ್ತೇನೆ ಎಂದು ಹಟ ಹಿಡಿದರು. ಅಲ್ಲಿಯ ಫ್ರಾನ್ಸಿಸ್ಕನ್ ಗುರುಗಳು ಇಲ್ಲಿ ಜಾಗವಿಲ್ಲ, ಹೊರಡು ಎಂದು ಕಳಿಸಿಬಿಟ್ಟರು. ಬಾರ್ಸಿಲೋನಾಕ್ಕೆ ಬಂದ ಆ ಮನುಷ್ಯ, ಮೂವತ್ತು ದಾಟಿದವರು, ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಲ್ಯಾಟಿನ್ ವ್ಯಾಕರಣ ಕಲಿತರು. ಪಾಠಕ್ಕೆ ಕೂತಾಗಲೇ ಭಕ್ತಿಯ ಸವಿ ಉಕ್ಕಿ ಬಂದು ಓದು ನಿಲ್ಲುತ್ತಿತ್ತಂತೆ. ಈ ಸವಿ ಸರಿಯಾದ ಹೊತ್ತಿಗೆ ಬರುತ್ತಿಲ್ಲ ಎಂದು ಗುರುತಿಸಿ, ಅದನ್ನು ಬದಿಗಿಟ್ಟು ಓದಿದರು.

ನೀನೂ ದಿನಕ್ಕೆ ಐದು ನಿಮಿಷ ಇಡು. ರಾತ್ರಿ ಫೋನ್ ಇಡುವ ಮುಂಚೆ ಇವತ್ತು ಯಾರ ಜೊತೆ ಹೇಗಿದ್ದೆ ಎಂದು ನೋಡಿಕೋ. ಹೊಸ ನಿರ್ಧಾರಗಳ ಪಟ್ಟಿ ಬೇಡ, ಒಂದೇ ವಿಷಯ ಹಿಡಿ. ಯಾವುದು ಎಂದು ಕೇಳಬೇಡ. ಪತ್ರದ ಕೊನೆಯಲ್ಲಿ ಅಪ್ಪನ ಜೊತೆ ಮಾತಿಲ್ಲ ಎಂದು ಬರೆದು ಹೊಡೆದು ಹಾಕಿದ್ದೀ. ಹೊಡೆದದ್ದು ಓದಲು ಬರುತ್ತದೆ. ಈ ವಾರ ಅವರ ಜೊತೆ ತೋಟಕ್ಕೆ ಹೋಗು. ಮೊದಲ ದಿನ ಇಬ್ಬರೂ ಮಾತಾಡದೆ ವಾಪಸು ಬಂದರೂ ಪರವಾಗಿಲ್ಲ, ಮರುದಿನ ಮತ್ತೆ ಹೋಗು. ಏನಾಯಿತೆಂದು ಮುಂದಿನ ತಿಂಗಳು ಬರೆ, ಆ ಸಲ ಏನನ್ನೂ ಹೊಡೆದು ಹಾಕದೆ.